ಎಲ್ಲರಿಗೂ ಒಂದೇ ಇಂಕ್ರಿಮೆಂಟ್ ಸರಿಯಾ, ಕೆಲಸ ನೋಡಿ ಕೊಡೋದು ಸರಿಯಾ?

2024ರ ಜುಲೈ ಮಧ್ಯದಲ್ಲಿ ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. ಅವಳು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು ಆಗಸ್ಟ್ 1ರಿಂದ ಜಾರಿ ಎಂದು ಸರ್ಕಾರ ಆಗಷ್ಟೇ ತೀರ್ಮಾನ ಮಾಡಿತ್ತು. "27.5 ಪರ್ಸೆಂಟ್ ಕೊಟ್ರು ಕಣೇ, ಇನ್ನು ಮನೆ ಸಾಲದ ಕಂತು ಸ್ವಲ್ಪ ಹಗುರ ಆಗುತ್ತೆ" ಅಂದಳು. ಆ ದನಿಯಲ್ಲಿದ್ದ ನೆಮ್ಮದಿ ನನಗೆ ಚೆನ್ನಾಗಿ ನೆನಪಿದೆ. ಯಾಕೆಂದರೆ ಅದೇ ವಾರ ನಾನು ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ನನ್ನ ಟೀಮಿನ ಒಂಬತ್ತು ಜನಕ್ಕೆ ಅಪ್ರೈಸಲ್ ಲೆಟರ್ ಕೊಡುತ್ತಿದ್ದೆ. ಒಬ್ಬನಿಗೆ ಶೇ 12, ಇಬ್ಬರಿಗೆ 9, ಐದು ಜನಕ್ಕೆ 6, ಒಬ್ಬಳಿಗೆ 3. ಒಂಬತ್ತು ಜನರಲ್ಲಿ ನಗುತ್ತಾ ಎದ್ದು ಹೋದವನು ಒಬ್ಬನೇ. ಶೇ 9 ಬಂದವರಲ್ಲಿ ಒಬ್ಬ ಲೆಟರ್ ಪೂರ್ತಿ ಓದುವ ಮೊದಲೇ "12 ಯಾರಿಗೆ ಬಂತು?" ಎಂದು ಕೇಳಿದ.

ಅಕ್ಕನ ಸ್ಟಾಫ್ ರೂಮಿನಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ಎಲ್ಲರಿಗೂ ಒಂದೇ ಲೆಕ್ಕ. ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಅಂತಲೂ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಇಷ್ಟು ವರ್ಷ ಎರಡೂ ಕಡೆ ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ನೋಡಿ ಸಂಬಳ ಏರಿಸುವುದು ಒಳ್ಳೆಯದೇ, ಆದರೆ ಯಾರು ಎಷ್ಟು ಕೆಲಸ ಮಾಡಿದರು ಎನ್ನುವುದು ಪಕ್ಕದಲ್ಲಿ ಕೂತವರ ಕಣ್ಣಿಗೂ ಕಾಣುವ ಕಡೆ ಮಾತ್ರ. ಕಾಣದ ಕಡೆ ಅದನ್ನು ತಂದರೆ ಜನ ಜಾಸ್ತಿ ಕೆಲಸ ಮಾಡುವುದಿಲ್ಲ, ಇರುವ ಮನಸ್ಸನ್ನೂ ಕಳೆದುಕೊಳ್ಳುತ್ತಾರೆ.

ಮೊದಲು ಆ 27.5ರ ಒಳಗೆ ಏನಿದೆ ನೋಡೋಣ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ನೇತೃತ್ವದ ಆಯೋಗದ ಪ್ರಕಾರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಪೇಪರ್‌ನಲ್ಲಿ ಓದಿದವರಿಗೆ ಒಂದೇ ಏಟಿಗೆ 10,000 ಸಿಕ್ಕಿತು ಅನ್ನಿಸುತ್ತದೆ. ಅದು ಹಾಗಲ್ಲ. 17,000ಕ್ಕೆ ಶೇ 31ರಷ್ಟು ತುಟ್ಟಿಭತ್ಯೆ ಅಂದರೆ 5,270 ರೂಪಾಯಿ ಸೇರಿಸಿ, ಮತ್ತೆ ಅದೇ 17,000ದ ಶೇ 27.5ರ ಫಿಟ್‌ಮೆಂಟ್ (ಪರಿಷ್ಕರಣೆಯಲ್ಲಿ ಕೊಡುವ ಏರಿಕೆ) ಅಂದರೆ 4,675 ರೂಪಾಯಿ ಸೇರಿಸಿದರೆ 26,945 ಆಗುತ್ತದೆ. ಅದನ್ನೇ 27,000 ಮಾಡಿದರು. ಇದರಲ್ಲಿ ತುಟ್ಟಿಭತ್ಯೆ ಅವರಿಗೆ ಮೊದಲೇ ಬರುತ್ತಿದ್ದ ದುಡ್ಡು, ಮೂಲ ವೇತನದೊಳಗೆ ಸೇರಿತು ಅಷ್ಟೆ. ನಿಜವಾಗಿ ಹೊಸದಾಗಿ ಸಿಕ್ಕಿದ್ದು ಆ 4,675. ಅದರಲ್ಲೂ 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಮಾಡಿದಾಗಲೇ ಶೇ 17ರಷ್ಟು ಮಧ್ಯಂತರ ಪರಿಹಾರ ಸಿಕ್ಕಿತ್ತು. ಹಾಗಾಗಿ "ಸರ್ಕಾರಿ ನೌಕರರಿಗೆ ಸುಮ್ನೆ ಕೂತರೂ 27 ಪರ್ಸೆಂಟ್ ಹೈಕ್" ಎಂದು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹೇಳುವವರು ಒಂದು ಸಲ ಈ ಲೆಕ್ಕ ನೋಡಬೇಕು. ಅದು ಹಲವು ವರ್ಷಗಳಿಗೊಮ್ಮೆ ಬರುವ ಪರಿಷ್ಕರಣೆ, ಪ್ರತಿ ವರ್ಷದ್ದಲ್ಲ.

ಇದಲ್ಲದೆ ವರ್ಷಕ್ಕೊಂದು ಇಂಕ್ರಿಮೆಂಟ್ ಇದೆ, ಆಗಾಗ ಏರುವ ತುಟ್ಟಿಭತ್ಯೆ ಇದೆ, ಬಡ್ತಿ ಸಿಗದಿದ್ದರೂ ಹತ್ತು ವರ್ಷ ಆದಾಗ ಬರುವ ಕಾಲಮಿತಿ ಬಡ್ತಿ ಇದೆ. ಎಲ್ಲವೂ ಸೇವಾ ಪುಸ್ತಕದಲ್ಲಿರುವ ತಾರೀಕಿನ ಮೇಲೆ ನಡೆಯುತ್ತವೆ. ಸಂಜೆ ಐದರವರೆಗೂ ಕೂತು ಹಿಂದುಳಿದ ಮಕ್ಕಳಿಗೆ ಬೀಜಗಣಿತ ಹೇಳಿಕೊಡುವ ಅಕ್ಕನಿಗೂ, ಅದೇ ವರ್ಷ ಕೆಲಸಕ್ಕೆ ಸೇರಿ ಪೋರ್ಷನ್ ಮುಗಿಸಿದರೆ ಸಾಕು ಎನ್ನುವ ಅವಳ ಸಹೋದ್ಯೋಗಿಗೂ ಒಂದೇ ದಿನ ಒಂದೇ ಮೊತ್ತ. ಅಕ್ಕನಿಗೆ ಇದರಿಂದ ಬೇಜಾರಿಲ್ವಾ? ಇದೆ. ಒಂದು ಸಲ ಕೇಳಿದ್ದೆ. "ನನ್ನ ದುಡ್ಡು ನನಗೆ ಬರುತ್ತೆ ಬಿಡು. ಆದ್ರೆ ನಾನು ಏನು ಮಾಡ್ತಿದೀನಿ ಅಂತ ಇಪ್ಪತ್ತು ವರ್ಷದಲ್ಲಿ ಒಬ್ರೂ ಕ್ಲಾಸಿಗೆ ಬಂದು ಪೂರ್ತಿ ಒಂದು ಪೀರಿಯಡ್ ಕೂತು ನೋಡಿಲ್ಲ" ಅಂದಳು. ಅವಳ ಬೇಜಾರು ಪರ್ಸೆಂಟ್ ಬಗ್ಗೆ ಇರಲೇ ಇಲ್ಲ.

ಎಲ್ಲರಿಗೂ ಸಮನಾಗಿ ಸಂಬಳ ಏರಿಸಿದರೆ ಕೆಲಸ ಸುಧಾರಿಸುತ್ತದಾ ಎನ್ನುವುದಕ್ಕೆ ಇಂಡೋನೇಷ್ಯಾದಲ್ಲಿ ಒಂದು ದೊಡ್ಡ ಉತ್ತರ ಸಿಕ್ಕಿದೆ. 2005ರ ಒಂದು ಕಾನೂನಿನ ಮೇಲೆ ಆ ದೇಶ, ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನೇ ಎರಡು ಪಟ್ಟು ಮಾಡಿತು. ಕೆಲವು ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಲ್ಲಿನವರಿಗೆ ಮೊದಲೇ ಕೊಟ್ಟು, ಉಳಿದ ಶಾಲೆಗಳ ಜೊತೆ ಹೋಲಿಸಿ ನೋಡಿದರು. ಎರಡು ಮೂರು ವರ್ಷ ಆದ ಮೇಲೂ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅದು ಪ್ರಕಟವಾದಾಗ ಸಂಬಳ ಏರಿಸುವುದೇ ದಂಡ ಎಂದು ವಾದಿಸುವವರಿಗೆ ಒಂದು ಅಸ್ತ್ರ ಸಿಕ್ಕಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ಶಿಕ್ಷಕರ ಸಾಲದ ಒತ್ತಡ ಕಡಿಮೆಯಾಗಿತ್ತು, ಹೊಟ್ಟೆಪಾಡಿಗೆ ಮಾಡುತ್ತಿದ್ದ ಎರಡನೇ ಕೆಲಸವನ್ನು ಬಿಟ್ಟವರಿದ್ದರು, ಸಂಬಳದ ಬಗ್ಗೆ ಸಮಾಧಾನ ಹೆಚ್ಚಿತ್ತು. ಅಂದರೆ ಸಮಾನ ಏರಿಕೆ ಬದುಕನ್ನು ಸರಿ ಮಾಡುತ್ತದೆ, ಕೆಲಸವನ್ನು ತಾನಾಗಿ ಸರಿ ಮಾಡುವುದಿಲ್ಲ. ಇವು ಎರಡೂ ಬೇರೆ ಬೇರೆ ಉದ್ದೇಶ. ಒಂದಕ್ಕೆ ಕೊಟ್ಟ ದುಡ್ಡಿನಿಂದ ಇನ್ನೊಂದನ್ನು ನಿರೀಕ್ಷಿಸಿ, ಸಿಗದಿದ್ದಾಗ ನೌಕರರನ್ನು ಬೈಯುವುದು ಅನ್ಯಾಯ.

ಈಗ ನನ್ನ ಕಡೆಯ ಕಥೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ವರ್ಷಕ್ಕೊಮ್ಮೆ ಒಂದು ಮೀಟಿಂಗ್ ನಡೆಯುತ್ತಿತ್ತು. ಆರು ಜನ ಮ್ಯಾನೇಜರ್‌ಗಳು, ಒಬ್ಬರು ಎಚ್‌ಆರ್, ಗೋಡೆಯ ಮೇಲೆ ಒಂದು ಎಕ್ಸೆಲ್ ಶೀಟು. ಅದರಲ್ಲಿ ಐವತ್ತಕ್ಕೂ ಜಾಸ್ತಿ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ರೇಟಿಂಗ್. ಶೀಟಿನ ಮೇಲ್ಗಡೆ ನಾಲ್ಕು ಬಣ್ಣದ ನಾಲ್ಕು ಬಾಕ್ಸ್. ಮೊದಲನೇ ಬಾಕ್ಸಿನಲ್ಲಿ ಇಷ್ಟೇ ಜನ ಇರಬೇಕು, ಕೊನೆಯದರಲ್ಲಿ ಇಷ್ಟು ಜನ ಇರಲೇಬೇಕು. ಹೆಚ್ಚು ಕಡಿಮೆಯಾದರೆ ಬಾಕ್ಸ್ ಕೆಂಪಾಗುತ್ತಿತ್ತು. ಇದನ್ನೇ ಬೆಲ್ ಕರ್ವ್‌ಗೆ ಕೂರಿಸುವುದು ಅನ್ನುತ್ತಾರೆ. ಮಧ್ಯಾಹ್ನ ಎರಡಕ್ಕೆ ಶುರುವಾಗಿ ರಾತ್ರಿ ಎಂಟರವರೆಗೂ ಆ ಕೆಂಪು ಬಣ್ಣ ಹೋಗಿಸುವುದೇ ನಮ್ಮ ಕೆಲಸ. ಏಳೂವರೆ ಹೊತ್ತಿಗೆ ಎಲ್ಲರಿಗೂ ಸುಸ್ತು, ಕೊನೆಯ ಬಾಕ್ಸಿಗೆ ಇನ್ನೂ ಒಂದು ಹೆಸರು ಬೇಕು. ನನ್ನ ಟೀಮಿನಿಂದ ಯಾರೂ ಹೋಗಿರಲಿಲ್ಲ. "ನಿಮ್ಮ ಕಡೆಯಿಂದ ಒಂದು ಕೊಡಿ" ಅಂದರು. ನಾನು ಕೊಟ್ಟೆ. ಆ ವರ್ಷ 26 ವಾರ ಹೆರಿಗೆ ರಜೆ ಹೋಗಿ ಬಂದಿದ್ದ ಹುಡುಗಿಯ ಹೆಸರು ಕೊಟ್ಟೆ.

ಅವಳು ಕೆಲಸ ಮಾಡಿದ ಉಳಿದ ಆರು ತಿಂಗಳಲ್ಲಿ ಕೊಟ್ಟ ಕೆಲಸ ಒಂದೂ ತಪ್ಪಿರಲಿಲ್ಲ. ಆದರೆ ಬೇರೆಯವರ ಹೆಸರಿನ ಮುಂದೆ ಹನ್ನೆರಡು ತಿಂಗಳ ಕೆಲಸದ ಪಟ್ಟಿ ಇತ್ತು, ಅವಳದ್ದು ಅರ್ಧ ಇತ್ತು, ಹಾಗಾಗಿ ವಾದ ಮಾಡಲು ಯಾರಿಗೂ ತೊಂದರೆ ಆಗಲಿಲ್ಲ. ಲೆಟರ್ ಕೊಟ್ಟ ದಿನ ಅವಳು ಒಂದೇ ಪ್ರಶ್ನೆ ಕೇಳಿದಳು, "ನಾನು ಯಾವುದು ಕಡಿಮೆ ಮಾಡಿದೆ ಅಂತ ಹೇಳಿ, ಸರಿ ಮಾಡ್ಕೋತೀನಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ "ವಿಸಿಬಿಲಿಟಿ" ಅಂತ ಹೇಳಿದೆ. ಅವಳು ತಲೆ ಆಡಿಸಿ ಎದ್ದು ಹೋದಳು, ಐದು ತಿಂಗಳಿಗೆ ಕೆಲಸ ಬಿಟ್ಟಳು. ಅವತ್ತು ನಾನು ಮಾಡಿದ್ದು ತಪ್ಪು. ಆ ತಪ್ಪನ್ನು ಸುಲಭ ಮಾಡಿಕೊಟ್ಟದ್ದು ಆ ಕೆಂಪು ಬಾಕ್ಸ್.

ಇದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಒಳ್ಳೆಯದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ಇದನ್ನು ಜಗತ್ತಿಗೆಲ್ಲ ಪರಿಚಯ ಮಾಡಿದರು. ಮೇಲಿನ 20, ನಡುವಿನ 70, ಕೆಳಗಿನ 10. ಕೆಳಗಿನ 10 ಪರ್ಸೆಂಟ್ ಹೊರಗೆ ಹೋಗಬೇಕು. ಇದನ್ನು ನೋಡಿ ಎಷ್ಟೋ ಕಂಪನಿಗಳು ತಂದವು, ಬೆಂಗಳೂರಿನ ಐಟಿಗೂ ಹಾಗೇ ಬಂತು. ಆಮೇಲೆ ಒಬ್ಬೊಬ್ಬರೇ ಬಿಟ್ಟರು. ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಬಿಟ್ಟಿತು. ಜನರಲ್ ಎಲೆಕ್ಟ್ರಿಕ್ ಕೂಡ ಬಿಟ್ಟಿತು. ನಮ್ಮ ಕೇಂದ್ರ ಸರ್ಕಾರದ ಉದ್ದಿಮೆಗಳ ಕಥೆ ಇನ್ನೂ ಸ್ಪಷ್ಟವಾಗಿದೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಉದ್ದಿಮೆಗಳ ಅಧಿಕಾರಿಗಳಿಗೆ 2008ರ ಆದೇಶದ ನಂತರ ಕೆಲಸಕ್ಕೆ ತಕ್ಕ ವೇತನ ಬಂದಾಗ ಅದರ ಜೊತೆ ಬೆಲ್ ಕರ್ವ್ ಕೂಡ ಬಂತು. ಶೇ 10ರಷ್ಟು ಜನರನ್ನು ಕೆಳಗಿನ ದರ್ಜೆಗೆ ಹಾಕಬೇಕಿತ್ತು. 2017ರ ಆಗಸ್ಟ್‌ನಲ್ಲಿ ಹೊಸ ಆದೇಶ ಬಂದಾಗ ಆ 10 ಪರ್ಸೆಂಟಿನ ಕಡ್ಡಾಯ ಇಲ್ಲ, ಬೆಲ್ ಕರ್ವ್ ಬೇಡ ಎಂದು ಅದರಲ್ಲೇ ಬರೆದರು. ಕೆಲಸಕ್ಕೆ ತಕ್ಕ ವೇತನ ಮಾತ್ರ ಉಳಿಯಿತು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಚೆನ್ನಾಗಿ ಮಾಡಿದವರಿಗೆ ಜಾಸ್ತಿ ಕೊಡುವುದು ಬೇರೆ, ಲೆಕ್ಕ ತುಂಬಲು ಒಬ್ಬರನ್ನು ಕೆಳಗೆ ತಳ್ಳುವುದು ಬೇರೆ.

ಹಾಗಾದರೆ ಕೆಲಸ ನೋಡಿ ದುಡ್ಡು ಕೊಡುವುದು ಎಲ್ಲೂ ಫಲ ಕೊಟ್ಟಿಲ್ವಾ? ಕೊಟ್ಟಿದೆ, ಚೆನ್ನಾಗಿಯೇ ಕೊಟ್ಟಿದೆ. ಅಮೆರಿಕದಲ್ಲಿ ಸೇಫ್‌ಲೈಟ್ ಎಂಬ ಕಂಪನಿ ಇದೆ, ಒಡೆದುಹೋದ ಕಾರಿನ ಮುಂದಿನ ಗಾಜನ್ನು ಬದಲಾಯಿಸಿ ಕೊಡುವ ಕಂಪನಿ. 1994–95ರ ಹೊತ್ತಿಗೆ ಅದು ಗಂಟೆ ಲೆಕ್ಕದ ಕೂಲಿ ಬಿಟ್ಟು, ಹಾಕಿದ ಗಾಜಿನ ಲೆಕ್ಕದಲ್ಲಿ ದುಡ್ಡು ಕೊಡಲು ಶುರು ಮಾಡಿತು. ಎಡ್ವರ್ಡ್ ಲೇಝಿಯರ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ ನೋಡಿದಾಗ ತಲಾ ಕೆಲಸ ಸುಮಾರು ಶೇ 44ರಷ್ಟು ಹೆಚ್ಚಿತ್ತು. ಅದರಲ್ಲಿ ಅರ್ಧದಷ್ಟು ಇದ್ದವರೇ ಜಾಸ್ತಿ ಕೆಲಸ ಮಾಡಿದ್ದರಿಂದ, ಇನ್ನರ್ಧ ಚುರುಕಾದವರು ಬಂದು ಸೇರಿದ್ದರಿಂದ. ಆದರೆ ಆ ಕೆಲಸದ ಸ್ವಭಾವ ನೋಡಿ. ಒಂದು ಕಾರು, ಒಂದು ಗಾಜು, ಹಾಕಿದವನು ಒಬ್ಬನೇ. ಎಣಿಸಬಹುದು. ಸರಿಯಾಗಿ ಹಾಕದಿದ್ದರೆ ಅದೂ ಗೊತ್ತಾಗುತ್ತದೆ, ಹಾಕಿದವನೇ ಬಂದು ಸರಿ ಮಾಡಬೇಕು. ಮತ್ತೆ ಗಂಟೆ ಲೆಕ್ಕದಲ್ಲಿ ಒಂದು ಕನಿಷ್ಠ ಮೊತ್ತ ಗ್ಯಾರಂಟಿ ಇತ್ತು. ಇದನ್ನು ಬಿಟ್ಟು ಬರೀ 44 ಎಂಬ ಸಂಖ್ಯೆ ಹಿಡಿದುಕೊಂಡು ಎಲ್ಲ ಆಫೀಸಿಗೂ ಹೊಂದಿಸಲು ಹೋದರೆ ಎಡವುತ್ತೇವೆ.

ನಮ್ಮ ಪಕ್ಕದ ಆಂಧ್ರದ ಉದಾಹರಣೆ ಇನ್ನೂ ಹತ್ತಿರದ್ದು. 2005ರಿಂದ ಅಲ್ಲಿನ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಅದನ್ನು ನೆಲದ ಮೇಲೆ ನಡೆಸಿಕೊಟ್ಟಿತು. ಮಕ್ಕಳ ಸರಾಸರಿ ಅಂಕ ಹಿಂದಿನ ಸಲಕ್ಕಿಂತ ಎಷ್ಟು ಏರಿತು ನೋಡಿ, ಶೇ 5ಕ್ಕಿಂತ ಮೇಲಿನ ಪ್ರತಿ ಒಂದು ಪರ್ಸೆಂಟಿಗೆ 500 ರೂಪಾಯಿ ಬೋನಸ್. 100 ಶಾಲೆಗಳಲ್ಲಿ ಶಿಕ್ಷಕರಿಗೆ ಒಬ್ಬೊಬ್ಬರಿಗೆ ಅವರವರ ಲೆಕ್ಕ, 100 ಶಾಲೆಗಳಲ್ಲಿ ಇಡೀ ಶಾಲೆಗೆ ಒಂದು ಲೆಕ್ಕ, 100 ಶಾಲೆಗಳಿಗೆ ಬೋನಸ್ ಇಲ್ಲ. ಎರಡು ವರ್ಷದಲ್ಲಿ ಬೋನಸ್ ಇದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಹೋದರು. ಬೋನಸ್ ಲೆಕ್ಕಕ್ಕೆ ಸೇರಿರದ ವಿಜ್ಞಾನ, ಸಮಾಜದಲ್ಲೂ ಮುಂದಿದ್ದರು. ಖರ್ಚಾದ ಬೋನಸ್ ಎಷ್ಟು? ಸರಾಸರಿ ವರ್ಷದ ಸಂಬಳದ ಶೇ 3ರಷ್ಟು. ಇಂಡೋನೇಷ್ಯಾದಲ್ಲಿ ಸಂಬಳ ಎರಡು ಪಟ್ಟು ಮಾಡಿ ಆಗದ್ದು ಇಲ್ಲಿ ಮೂರು ಪರ್ಸೆಂಟಿಗೆ ಆಯಿತು.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಅಳತೆ ಮಾಡಿದ ರೀತಿ. ಎಷ್ಟು ಅಂಕ ಬಂತು ಅಂತ ನೋಡಲಿಲ್ಲ, ಇದ್ದಲ್ಲಿಂದ ಎಷ್ಟು ಮೇಲೆ ಬಂತು ಅಂತ ನೋಡಿದರು. ಹಾಗಾಗಿ ಬಡ ಕೇರಿಯ ಶಾಲೆಯ ಮೇಷ್ಟ್ರಿಗೂ ಸಮನಾದ ಅವಕಾಶ. ಪರೀಕ್ಷೆಯನ್ನು ಆ ಶಾಲೆಯವರು ನಡೆಸಲಿಲ್ಲ, ಹೊರಗಿನವರು ಬಂದು ನಡೆಸಿದರು. ಯಾರ ಸಂಬಳವೂ ಕಡಿತ ಆಗಲಿಲ್ಲ, ಯಾರನ್ನೂ ಕೆಳಗಿನ ಬಾಕ್ಸಿಗೆ ಹಾಕಲಿಲ್ಲ. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಸಿಗಲ್ಲ ಅಂತಲೂ ಇರಲಿಲ್ಲ. ಸೂತ್ರ ಎಲ್ಲರಿಗೂ ಮೊದಲ ದಿನವೇ ಗೊತ್ತಿತ್ತು.

ಇದೇ ಕೆಲಸ ನ್ಯೂಯಾರ್ಕ್ ನಗರದಲ್ಲಿ ಕೆಟ್ಟಿತು. 2007ರಿಂದ ಮೂರು ವರ್ಷ ಅಲ್ಲಿನ ಇನ್ನೂರಕ್ಕೂ ಹೆಚ್ಚು ಶಾಲೆಗಳಿಗೆ ಸುಮಾರು 7.5 ಕೋಟಿ ಡಾಲರ್ ಬೋನಸ್ ಹಂಚಿದರು. ಮಕ್ಕಳ ಕಲಿಕೆ ಒಂದಿಷ್ಟೂ ಏರಲಿಲ್ಲ. ಅಲ್ಲಿ ಬೋನಸ್ ಬರುತ್ತಿದ್ದದ್ದು ಇಡೀ ಶಾಲೆಯ ಸಾಧನೆಯ ಮೇಲೆ, ಸೂತ್ರವೂ ತುಂಬ ತೊಡಕು. ತಾನು ಇವತ್ತು ಇನ್ನೊಂದು ಗಂಟೆ ಜಾಸ್ತಿ ಹೇಳಿಕೊಟ್ಟರೆ ಬೋನಸ್ ಎಷ್ಟು ಏರುತ್ತದೆ ಎಂದು ಯಾವ ಟೀಚರ್‌ಗೂ ಲೆಕ್ಕ ಸಿಗುವಂತಿರಲಿಲ್ಲ. ನಮ್ಮ ಐಟಿಯಲ್ಲಿ "ಕಂಪನಿ ಪರ್ಫಾರ್ಮೆನ್ಸ್, ಯುನಿಟ್ ಪರ್ಫಾರ್ಮೆನ್ಸ್, ಇಂಡಿವಿಜುಯಲ್ ಪರ್ಫಾರ್ಮೆನ್ಸ್" ಎಂದು ಮೂರನ್ನು ಗುಣಿಸಿ ಕೊಡುವ ವೇರಿಯಬಲ್ ಪೇ ಇದೆಯಲ್ಲ, ಅದರ ಕಥೆಯೂ ಇದೇ. ಅದು ಬಂದ ಮೇಲೆ ಬಂತು ಅಂತ ಗೊತ್ತಾಗುತ್ತದೆ. ಯಾಕೆ ಬಂತು, ಯಾಕೆ ಕಡಿಮೆಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ ದುಡ್ಡಿನಿಂದ ಹುಮ್ಮಸ್ಸು ಹೇಗೆ ಬರಬೇಕು?

ಅಳತೆಯ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಪಾಠ ಇದೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮಾಡುವುದನ್ನು ಮರೆತುಬಿಟ್ಟರಾ? ಇಲ್ಲ ಅಲ್ವಾ? ಬದಲಾಗಿದ್ದು ಅಳತೆಗೋಲು. ಹಿಂದಿನ ವರ್ಷಗಳಲ್ಲಿ ಪಾಸಿನ ಪರ್ಸೆಂಟ್ ನೋಡಿ ಇಂಕ್ರಿಮೆಂಟ್ ಕೊಟ್ಟಿದ್ದರೆ, ಪರೀಕ್ಷಾ ಕೊಠಡಿಯಲ್ಲಿ ಕಟ್ಟುನಿಟ್ಟಾಗಿದ್ದ ಶಾಲೆಯ ಟೀಚರ್‌ಗೆ ಕಡಿಮೆ, ಕಣ್ಣು ಮುಚ್ಚಿಕೊಂಡ ಶಾಲೆಯವರಿಗೆ ಜಾಸ್ತಿ ಸಿಗುತ್ತಿತ್ತು. ಅಕ್ಕನಿಗೆ ಈ ಭಯ ಈಗಲೂ ಇದೆ. "ರಿಸಲ್ಟ್ ನೋಡಿ ಸಂಬಳ ಅಂದ್ರೆ ನಾನು ಎಂಟನೇ ಕ್ಲಾಸಲ್ಲೇ ದಡ್ಡ ಮಕ್ಕಳನ್ನ ಬೇರೆ ಸ್ಕೂಲಿಗೆ ಕಳಿಸಬೇಕಾಗುತ್ತೆ, ನನ್ನ ಕೈಲಿ ಅದು ಆಗಲ್ಲ" ಅಂತಾಳೆ.

ಹಾಗಂತ ಎಲ್ಲರಿಗೂ ಒಂದೇ ಸಂಬಳ ಎನ್ನುವುದು ಯಾವಾಗಲೂ ನ್ಯಾಯ ಅಂತಲ್ಲ. ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬರಿದ್ದಾರೆ. ಹದಿನಾಲ್ಕು ವರ್ಷದಿಂದ ಟೈಲರ್. ಕಾಲರ್, ಕಫ್, ಜೇಬು ಯಾವುದನ್ನು ಕೊಟ್ಟರೂ ಹೊಲಿಯುತ್ತಾರೆ, ಲೈನಿನಲ್ಲಿ ಯಾರಾದರೂ ರಜೆ ಹಾಕಿದರೆ ಸೂಪರ್‌ವೈಸರ್ ಇವರನ್ನೇ ಆ ಮಿಷಿನ್‌ಗೆ ಕೂರಿಸುತ್ತಾನೆ. ಕನಿಷ್ಠ ವೇತನ ಏರಿದಾಗ ಇವರಿಗೂ ಏರುತ್ತದೆ, ಹೋದ ವರ್ಷ ಸೇರಿದ ಹುಡುಗಿಗೂ ಏರುತ್ತದೆ. ಇಬ್ಬರ ಸಂಬಳದ ನಡುವೆ ಕೆಲವೇ ನೂರು ರೂಪಾಯಿ ಅಂತರ. ಹದಿನಾಲ್ಕು ವರ್ಷದ ಕೈಕಸುಬಿಗೆ ಅಷ್ಟೇ ಬೆಲೆ. ಟಾರ್ಗೆಟ್ ಮಾತ್ರ ಇವರಿಗೆ ಜಾಸ್ತಿ. ಇಲ್ಲಿ ಪೀಸ್ ಎಣಿಸುವುದು ಯಾವ ಕಷ್ಟವೂ ಅಲ್ಲ, ದಿನಕ್ಕೆ ಗಂಟೆ ಗಂಟೆಗೂ ಬೋರ್ಡಿನ ಮೇಲೆ ಬರೆಯುತ್ತಾರೆ. ಎಣಿಸಿದ್ದನ್ನು ಬೈಯಲು ಬಳಸುತ್ತಾರೆ, ಸಂಬಳ ಕೊಡಲು ಬಳಸುವುದಿಲ್ಲ. ಇದನ್ನು ಸಮಾನತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪಕ್ಕದವರಿಗಿಂತ ಕಡಿಮೆ ಸಿಕ್ಕಾಗ ಮನುಷ್ಯ ಏನು ಮಾಡುತ್ತಾನೆ ಎನ್ನುವುದಕ್ಕೆ ಒಡಿಶಾದಲ್ಲಿ ನಡೆದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮ್‌ದಾಸಾನಿ ಮಾಡಿದ್ದು, 2018ರಲ್ಲಿ ಪ್ರಕಟವಾಯಿತು. ಸಣ್ಣಪುಟ್ಟ ಕೈಕೆಲಸ ಮಾಡುವ ದಿನಗೂಲಿಗಳನ್ನು ಮೂರು ಮೂರು ಜನರ ತಂಡ ಮಾಡಿದರು. ಕೆಲವು ತಂಡದಲ್ಲಿ ಮೂವರಿಗೂ ಒಂದೇ ಕೂಲಿ. ಕೆಲವು ತಂಡದಲ್ಲಿ ಅವರವರ ಹಿಂದಿನ ಕೆಲಸ ನೋಡಿ ಸ್ವಲ್ಪ ಹೆಚ್ಚು ಕಡಿಮೆ. ಕಡಿಮೆ ಕೂಲಿ ಸಿಕ್ಕಿದವರನ್ನು, ಬೇರೆ ತಂಡಗಳಲ್ಲಿ ಅಷ್ಟೇ ಕೂಲಿಗೆ ಎಲ್ಲರ ಸಮನಾಗಿ ದುಡಿಯುತ್ತಿದ್ದವರ ಜೊತೆ ಹೋಲಿಸಿದರು. ದುಡ್ಡು ಒಂದೇ, ವ್ಯತ್ಯಾಸ ಇದ್ದದ್ದು ಪಕ್ಕದವನ ಕೂಲಿಯಲ್ಲಿ ಮಾತ್ರ. ಆದರೂ ಕಡಿಮೆ ಸಿಕ್ಕವರ ಕೆಲಸ ಇಳಿಯಿತು, ಹಾಜರಾತಿ 18 ಪರ್ಸೆಂಟ್ ಪಾಯಿಂಟ್‌ನಷ್ಟು ಬಿತ್ತು. ದಿನಗೂಲಿಯವರು ಕೂಲಿ ಬಿಟ್ಟು ಮನೆಯಲ್ಲಿ ಕೂತರು ಅಂದರೆ ಅವಮಾನ ಎಷ್ಟು ಕೊರೆದಿರಬೇಕು ಯೋಚಿಸಿ. ಜಾಸ್ತಿ ಸಿಕ್ಕವರೇನಾದರೂ ಹೆಚ್ಚು ದುಡಿದರಾ? ಅದೂ ಇಲ್ಲ. ಆದರೆ ಯಾರು ಎಷ್ಟು ಮಾಡುತ್ತಾರೆ ಎಂಬುದು ಎಲ್ಲರಿಗೂ ಸುಲಭವಾಗಿ ಕಾಣುವಂಥ ಕೆಲಸಗಳಲ್ಲಿ ಈ ಇಳಿತ ಕಾಣಲಿಲ್ಲ. ಅವನು ಜಾಸ್ತಿ ಮಾಡುತ್ತಾನೆ, ಜಾಸ್ತಿ ತಗೊಳ್ಳುತ್ತಾನೆ, ಸರಿ ತಾನೇ ಎಂದು ಜನ ಒಪ್ಪಿಕೊಂಡರು.

ಇದನ್ನು ಓದಿದ ಮೇಲೆ ನನಗೆ ನಮ್ಮ ಎಕ್ಸೆಲ್ ಶೀಟು ಬೇರೆ ಥರ ಕಾಣತೊಡಗಿತು. ನಮ್ಮ ಟೀಮಿನ ಒಂಬತ್ತು ಜನ ಮಾಡುವ ಕೆಲಸ ಒಬ್ಬರದ್ದು ಒಬ್ಬರೊಳಗೆ ಹೆಣೆದುಕೊಂಡಿರುತ್ತದೆ. ಒಬ್ಬ ಬರೆದ ಕೋಡಿನ ತಪ್ಪನ್ನು ಇನ್ನೊಬ್ಬಳು ಹಿಡಿಯುತ್ತಾಳೆ, ಮತ್ತೊಬ್ಬ ರಾತ್ರಿ ಎದ್ದು ಸರ್ವರ್ ನೋಡುತ್ತಾನೆ, ಇನ್ನೊಬ್ಬ ಹೊಸಬರಿಗೆ ಕೂತು ಹೇಳಿಕೊಡುತ್ತಾನೆ. ಇದರಲ್ಲಿ ಕ್ಲೈಂಟ್ ಮುಂದೆ ಡೆಮೊ ಕೊಟ್ಟವನಿಗೆ 12, ಹೇಳಿಕೊಟ್ಟವನಿಗೆ 6. ಮುಂದಿನ ವರ್ಷ ಅವನು ಹೇಳಿಕೊಡುವುದನ್ನು ನಿಲ್ಲಿಸಿದ. ಯಾಕೆ ಅಂತ ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ.

ಆಶಾ ಕಾರ್ಯಕರ್ತೆಯರನ್ನು ಇಲ್ಲಿ ಮರೆಯಬಾರದು. ಕೆಲಸಕ್ಕೆ ತಕ್ಕ ದುಡ್ಡು ಎನ್ನುವುದನ್ನು ಪೂರ್ತಿ ಅನುಭವಿಸಿದವರು ಅವರೇ. ಬಾಣಂತಿ ಮನೆಗೆ 42 ದಿನದೊಳಗೆ ಆರೇಳು ಸಲ ಹೋಗಿ ಮಗುವನ್ನು ನೋಡಿ ಬಂದರೆ 250 ರೂಪಾಯಿ, ಒಂದು ಮಗುವಿಗೆ ಮೊದಲ ವರ್ಷದ ಎಲ್ಲ ಲಸಿಕೆ ಹಾಕಿಸಿದರೆ 100 ರೂಪಾಯಿ, ಹೀಗೆ ಪ್ರತಿ ಕೆಲಸಕ್ಕೂ ಒಂದು ದರ. ಅದರ ಮೇಲೆ 2025ರ ಆರಂಭದಲ್ಲಿ ರಾಜ್ಯದಿಂದ ತಿಂಗಳಿಗೆ 5,000 ಗೌರವಧನ ಬರುತ್ತಿತ್ತು. ಮಾಡಿದ ಕೆಲಸವೆಲ್ಲ ಪೋರ್ಟಲ್‌ನಲ್ಲಿ ದಾಖಲಾದರೆ ಮಾತ್ರ ದುಡ್ಡು. ದಾಖಲಾಗದಿದ್ದರೆ ಮಾಡಿದ್ದು ಮಾಡದ ಹಾಗೆ. ರಾತ್ರಿ ಎರಡು ಗಂಟೆಗೆ ಗರ್ಭಿಣಿ ಜೊತೆ ಆಂಬುಲೆನ್ಸ್ ಹತ್ತಿದ ಹೆಂಗಸು, ತಿಂಗಳ ಕೊನೆಯಲ್ಲಿ ಆ ಹೆರಿಗೆ ತನ್ನ ಲೆಕ್ಕಕ್ಕೆ ಬಂತಾ ಇಲ್ವಾ ಎಂದು ಪೋರ್ಟಲ್ ನೋಡುತ್ತಾ ಕೂರಬೇಕು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಕೇಳಿದ್ದು ತಿಂಗಳಿಗೆ ನಿಗದಿಯಾದ 15,000 ರೂಪಾಯಿ. ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಎದ್ದರು. ಪ್ರೋತ್ಸಾಹಧನ ಎಂಬುದು ತಳಪಾಯ ಇರುವ ಮನೆಯ ಮೇಲಿನ ಮಹಡಿ. ತಳಪಾಯವೇ ಇಲ್ಲದಿದ್ದರೆ ಅದನ್ನು ಪ್ರೋತ್ಸಾಹ ಅನ್ನಬಾರದು, ತಿಂಗಳು ತಿಂಗಳು ಆತಂಕ ಅನ್ನಬೇಕು.

ಈಗ ಬೆಲೆ ಏರಿಕೆಯ ಮಾತು. 2022–23ರಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಸರಾಸರಿ ಶೇ 6.7 ಇತ್ತು. ಆ ವರ್ಷ ಶೇ 6 ಹೈಕ್ ಸಿಕ್ಕವರಿಗೆ ನಿಜವಾಗಿ ಏನೂ ಏರಲಿಲ್ಲ, ಸ್ವಲ್ಪ ಇಳಿಯಿತು. ಆದರೂ ಲೆಟರ್‌ನಲ್ಲಿ "ಅಭಿನಂದನೆಗಳು" ಅಂತ ಬರೆದಿರುತ್ತದೆ. ಸರ್ಕಾರಿ ನೌಕರರಿಗೆ ಈ ಕೆಲಸವನ್ನು ತುಟ್ಟಿಭತ್ಯೆ ಮಾಡುತ್ತದೆ. ಅಕ್ಕಿ ಬೇಳೆ ಬೆಲೆ ಎಲ್ಲರಿಗೂ ಏರಿದೆ, ಹಾಗಾಗಿ ಎಲ್ಲರಿಗೂ ಕೊಡಬೇಕು, ಅದರಲ್ಲಿ ರೇಟಿಂಗ್‌ಗೆ ಜಾಗ ಇಲ್ಲ. ಐಟಿಯಲ್ಲಿ ಆಗುತ್ತಿರುವ ದೊಡ್ಡ ಮೋಸ ಅಂದರೆ ಇದೇ. ಬೆಲೆ ಏರಿಕೆಗೆ ಕೊಡಬೇಕಾದ್ದನ್ನೂ, ಕೆಲಸಕ್ಕೆ ಕೊಡುವ ಬಹುಮಾನವನ್ನೂ ಒಂದೇ ಪಾತ್ರೆಗೆ ಸುರಿದು, ಆಮೇಲೆ ರೇಟಿಂಗ್ ಪ್ರಕಾರ ಸೌಟಿನಲ್ಲಿ ಬಡಿಸುತ್ತಾರೆ. ನನ್ನ ಟೀಮಿಗೆ ಬಂದದ್ದು ಸರಾಸರಿ ಶೇ 7. ಒಬ್ಬನಿಗೆ 12 ಕೊಡಬೇಕಾದರೆ ಉಳಿದವರ ತಟ್ಟೆಯಿಂದಲೇ ತೆಗೆಯಬೇಕು. ತೆಗೆದದ್ದು ಯಾರದ್ದೋ ಬೆಲೆ ಏರಿಕೆಯ ಪಾಲು.

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. 40,000 ಸಂಬಳದ ಇಬ್ಬರು. ಒಬ್ಬಳಿಗೆ ಪ್ರತಿ ವರ್ಷ ಶೇ 6, ಇನ್ನೊಬ್ಬನಿಗೆ ಪ್ರತಿ ವರ್ಷ ಶೇ 9. ಹತ್ತು ವರ್ಷಕ್ಕೆ ಅವಳ ಸಂಬಳ ಸುಮಾರು 71,600, ಅವನದ್ದು 94,700. ಮೊದಲ ವರ್ಷದ ವ್ಯತ್ಯಾಸ ತಿಂಗಳಿಗೆ 1,200 ರೂಪಾಯಿ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಮ್ಮೆ ಮೂಲ ಸಂಬಳಕ್ಕೆ ಸೇರಿದ್ದು ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಒಂದು ಹೆರಿಗೆ ರಜೆಯ ವರ್ಷದ 3 ಪರ್ಸೆಂಟ್ ಆ ಹೆಣ್ಣುಮಗಳು ಅಲ್ಲಿ ಇರುವವರೆಗೂ ಅವಳ ಸಂಬಳದಲ್ಲಿ ಕೂತಿರುತ್ತದೆ. ಅದಕ್ಕೇ ನಾನು ಹೇಳುವುದು, ಕೆಲಸ ಮೆಚ್ಚಿ ಕೊಡುವುದನ್ನು ಆಯಾ ವರ್ಷದ ಬೋನಸ್ ಆಗಿ ಕೊಡಿ, ಮೂಲ ಸಂಬಳಕ್ಕೆ ಸೇರಿಸಬೇಡಿ. ಮುಂದಿನ ವರ್ಷ ಎಲ್ಲರೂ ಮತ್ತೆ ಒಂದೇ ಗೆರೆಯಿಂದ ಶುರು ಮಾಡಲಿ. ಮೂಲ ಸಂಬಳ ಬೆಲೆ ಏರಿಕೆಗೆ, ಅನುಭವಕ್ಕೆ, ಹೊಸ ಜವಾಬ್ದಾರಿಗೆ ಏರಲಿ. ಆಂಧ್ರದಲ್ಲಿ ಮಾಡಿದ್ದೂ ಇದನ್ನೇ, ಅದು ಬೋನಸ್ ಆಗಿತ್ತು.

ಸರ್ಕಾರದಲ್ಲಿ ಈ ಚರ್ಚೆ ಹೊಸದೇನಲ್ಲ. 2008ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆರನೇ ಕೇಂದ್ರ ವೇತನ ಆಯೋಗ, ಸಾಮಾನ್ಯವಾಗಿ ಶೇ 2.5 ಇಂಕ್ರಿಮೆಂಟ್ ಇರಲಿ, ಒಂದು ಶ್ರೇಣಿಯ ಅಧಿಕಾರಿಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಶೇ 20ರವರೆಗಿನ ಜನಕ್ಕೆ 3.5 ಕೊಡಿ ಎಂದಿತ್ತು. ಸರ್ಕಾರ ಎಲ್ಲರಿಗೂ 3 ಮಾಡಿ ಮುಗಿಸಿತು. 2015ರಲ್ಲಿ ನ್ಯಾಯಮೂರ್ತಿ ಎ.ಕೆ. ಮಾಥುರ್ ಅವರ ಏಳನೇ ಆಯೋಗ ಎಲ್ಲ ದರ್ಜೆಗೂ ಕೆಲಸಕ್ಕೆ ತಕ್ಕ ವೇತನ ತನ್ನಿ ಅಂದಿತು. ಈಗ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಎಂಟನೇ ಆಯೋಗದ ಮುಂದೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ನೌಕರರ ಸಂಘಗಳು ಬೇಡ ಅನ್ನುತ್ತವೆ. ಸೋಮಾರಿಗಳ ಪರ ವಾದ ಎಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ವರ್ಷದ ವರದಿ ಬರೆಯುವ ಮೇಲಧಿಕಾರಿ ಯಾರು, ಅವನ ಮಾತು ಕೇಳದ ಗುಮಾಸ್ತನ ಗತಿ ಏನು, ಎಂಬ ಭಯ ಸುಳ್ಳಲ್ಲ. ನಂಬಿಕೆ ಇಲ್ಲದ ಕಡೆ ಜನ ಸಮಾನತೆಯನ್ನೇ ರಕ್ಷಣೆ ಎಂದು ಹಿಡಿದುಕೊಳ್ಳುತ್ತಾರೆ. ಆ ನಂಬಿಕೆ ಹುಟ್ಟಿಸದೆ ಬರೀ ಪರ್ಸೆಂಟ್ ಬದಲಾಯಿಸಿದರೆ ಏನೂ ಆಗದು.

ನಾನು ಈಗ ಬೇರೆ ಕಡೆ ಇದ್ದೇನೆ. ಇಲ್ಲಿ ಕೊನೆಯ ಬಾಕ್ಸ್ ತುಂಬುವ ಕಡ್ಡಾಯ ಇಲ್ಲ. ಹೋದ ಅಪ್ರೈಸಲ್‌ನಲ್ಲಿ ಎಚ್‌ಆರ್ ಜೊತೆ ಸ್ವಲ್ಪ ಜಗಳ ಮಾಡಿ ಒಂದು ಬದಲಾವಣೆ ತಂದೆ. ಬಂದ ಮೊತ್ತದಲ್ಲಿ ಶೇ 5ನ್ನು ಎಲ್ಲರಿಗೂ ಮೊದಲೇ ಎತ್ತಿಟ್ಟು, ಉಳಿದದ್ದನ್ನು ಮಾತ್ರ ಬೋನಸ್ ಆಗಿ ಹಂಚಿದೆ. ಹಂಚುವ ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಈ ವರ್ಷ ಯಾರು ಯಾರಿಗೆ ಸಹಾಯ ಮಾಡಿದರು ಹೇಳಿ ಅಂದೆ, ಬೋರ್ಡಿನ ಮೇಲೆ ಬರೆದೆ. ಒಂದು ಗಂಟೆ ಹಿಡಿಯಿತು. ಮೀಟಿಂಗ್‌ಗಳಲ್ಲಿ ಬಾಯಿ ಬಿಡದ, ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನ ಹೆಸರು ಏಳು ಸಲ ಬಂತು. ನನ್ನ ಪಟ್ಟಿಯಲ್ಲಿ ಅವನು ಆರನೆಯವನಾಗಿದ್ದ. ಬೋನಸ್ ಅವನಿಗೇ ಜಾಸ್ತಿ ಹೋಯಿತು. ಆ ಸಲ ಯಾರಿಗೆ ಎಷ್ಟು ಬಂತು ಎಂದು ಯಾರೂ ನನ್ನ ಹತ್ತಿರ ಬಂದು ಕೇಳಲಿಲ್ಲ, ಬೋರ್ಡ್ ಅವರ ಮುಂದೆಯೇ ಇತ್ತು.